ಫಾರ್ವರ್ಡ್ ಮಾಡಿ ಬಿಟ್ಟ ಭಾಗಗಳು

1991ರ ಬೇಸಿಗೆ ರಜೆ. ತಿಪಟೂರಿನ ಚಿಕ್ಕಪ್ಪನ ಮನೆಗೆ ಒಂದು ರಾತ್ರಿಯ ಮಟ್ಟಿಗೆ ಕಲರ್ ಟಿವಿ, ವಿಸಿಆರ್ ಬಾಡಿಗೆಗೆ ಬಂದಿತ್ತು. ಜೊತೆಗೆ ಮೂರು ಕ್ಯಾಸೆಟ್. ಮೊದಲನೆಯದು ಕನ್ನಡದ್ದು, ಮನೆಮಂದಿಗೆಲ್ಲ. ಎರಡನೆಯದು ಹಿಂದಿ. ಅದು ಅರ್ಧ ಆಗುವಷ್ಟರಲ್ಲಿ ದೊಡ್ಡವರೆಲ್ಲ ಕೂತಲ್ಲೇ ಉರುಳಿಕೊಂಡಿದ್ದರು. ಮೂರನೆಯದರ ಮೇಲೆ ಪೆನ್ನಿನಲ್ಲಿ ‘ಇಂಗ್ಲಿಷ್ ಹಾರರ್’ ಅಂತ ಮಾತ್ರ ಬರೆದಿತ್ತು. ಅದು ನಮ್ಮದು, ಹುಡುಗರದ್ದು.

ಕಾಪಿಯಿಂದ ಕಾಪಿ ಮಾಡಿದ ಕ್ಯಾಸೆಟ್. ಪರದೆ ತುಂಬ ಗೆರೆ. ಮಾತು ಒಂದೂ ತಿಳಿಯಲಿಲ್ಲ. ತಿಳಿದಿದ್ದು ಇಷ್ಟೇ: ಒಬ್ಬನ ಮುಖವನ್ನು ಜೇಡಗಳು ತಿನ್ನುತ್ತವೆ, ಒಬ್ಬಳ ಮುಖದ ಮೇಲೆ ಆಸಿಡ್ ಸುರಿಯುತ್ತದೆ, ಒಬ್ಬನ ಕಣ್ಣು ಹೊರಗೆ ಬರುತ್ತದೆ. ನಡುವೆ ಯಾರಾದರೂ ಸುಮ್ನೆ ನಡೆದಾಡಿದರೆ ಅಥವಾ ಮಾತಾಡಿದರೆ ಅಣ್ಣ ಫಾರ್ವರ್ಡ್ ಗುಂಡಿ ಒತ್ತುತ್ತಿದ್ದ. ಮುಕ್ಕಾಲು ಗಂಟೆಯಲ್ಲಿ ಸಿನಿಮಾ ಮುಗಿಸಿದೆವು. ಆ ರಾತ್ರಿ ಹಿತ್ತಲಿನ ಬಚ್ಚಲಿಗೆ ಒಬ್ಬರೂ ಒಂಟಿಯಾಗಿ ಹೋಗಲಿಲ್ಲ.

ಆಮೇಲೆ ನಾನು ಬಣ್ಣ ಹಚ್ಚುವ ಕೆಲಸಕ್ಕೆ ಬಂದೆ. ಮೊದಲು ನಾಟಕ, ಆಮೇಲೆ ಸೀರಿಯಲ್. ಗಾಯ, ಸುಟ್ಟ ಚರ್ಮ, ದೆವ್ವದ ಕಣ್ಣು, ಇವು ನನ್ನ ಪಾಲಿಗೆ ಬರುವ ಕೆಲಸ. ಆ ಜೇಡಗಳು ಮಾತ್ರ ತಲೆಯಿಂದ ಹೋಗಿರಲಿಲ್ಲ. ಸಿನಿಮಾದ ಹೆಸರು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ: 1981ರ ‘ದಿ ಬಿಯಾಂಡ್’. ಇಟಲಿಯ ಲೂಚಿಯೋ ಫುಲ್ಚಿ ಮಾಡಿದ್ದು. ಇಟಾಲಿಯನ್‌ನಲ್ಲಿ ‘ಲಾಲ್ದಿಲಾ’. ಅಮೆರಿಕದಲ್ಲಿ 1983ರಲ್ಲಿ ಇದನ್ನೇ ಕತ್ತರಿಸಿ, ಸಂಗೀತ ಬದಲಾಯಿಸಿ, ‘ಸೆವೆನ್ ಡೋರ್ಸ್ ಆಫ್ ಡೆತ್’ ಅಂತ ಬಿಟ್ಟರು. ನಿರ್ದೇಶಕನ ಹೆಸರನ್ನೂ ಲೂಯಿಸ್ ಫುಲ್ಲರ್ ಮಾಡಿದರು! ಪೂರ್ತಿ ಸಿನಿಮಾ ಅಲ್ಲಿನ ಥಿಯೇಟರಿಗೆ ಬಂದಿದ್ದು 1998ರಲ್ಲಿ. ಅಷ್ಟರಲ್ಲಿ ಫುಲ್ಚಿ ತೀರಿಕೊಂಡು ಎರಡು ವರ್ಷ ಆಗಿತ್ತು.

ಮೊನ್ನೆ ಶೂಟಿಂಗ್ ಇಲ್ಲದೆ ವಾರ ಪೂರ್ತಿ ಮನೆಯಲ್ಲಿದ್ದೆ. ಒಳ್ಳೆ ಪ್ರಿಂಟ್ ಸಿಕ್ಕಿತು. ಒಂದು ಸಲ ಎಲ್ಲೂ ನಿಲ್ಲಿಸದೆ ನೋಡೋದು, ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ನೋಡೋದು, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳೋದು ಅಂತ ತೀರ್ಮಾನ ಮಾಡಿದೆ. ಹೆಂಡತಿ ಒಮ್ಮೆ ಇಣುಕಿ, “ರೀ, ಊಟದ ಹೊತ್ತಲ್ಲಿ ಇದೇನ್ರೀ” ಅಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕಥೆ ಅಂತ ಹೇಳಬೇಕಾದರೆ, ಲೈಝಾ ಎಂಬ ಹೆಣ್ಣುಮಗಳಿಗೆ ಅಮೆರಿಕದ ಲೂಸಿಯಾನಾದಲ್ಲಿ ಒಂದು ಹಳೇ ಹೋಟೆಲ್ ಆಸ್ತಿಯಾಗಿ ಬರುತ್ತದೆ. ಅದರ ಕೆಳಗೆ ನರಕದ ಏಳು ಬಾಗಿಲುಗಳಲ್ಲಿ ಒಂದಿದೆ. ರಿಪೇರಿ ಶುರು ಮಾಡುತ್ತಾಳೆ, ಬಾಗಿಲು ತೆರೆದುಕೊಳ್ಳುತ್ತದೆ. ಇದಕ್ಕಿಂತ ಜಾಸ್ತಿ ಕೇಳಬೇಡಿ. ಫುಲ್ಚಿಗೂ ಕಥೆ ಬೇಕಿರಲಿಲ್ಲ. ಒಂದು ಮನೆ, ಒಂದಷ್ಟು ಜನ, ಆಚೆ ಲೋಕದಿಂದ ಬರುವ ಸತ್ತವರು, ಇಷ್ಟಿದ್ದರೆ ಸಾಕು ಅನ್ನುವವನು ಅವನು. ಕೊನೆಯ ಭಾಗದಲ್ಲಿ ಹೆಣಗಳು ಎದ್ದು ನಡೆಯೋದು ಜರ್ಮನಿಯ ವಿತರಕರು ಕೇಳಿದ್ದಕ್ಕೆ ಸೇರಿಸಿದ್ದು ಅಂತ ಹೇಳುತ್ತಾರೆ. ನೋಡಿದರೆ ನಿಜ ಅನಿಸುತ್ತದೆ. ಲೈಝಾ ಜೊತೆಗಿರುವ ಡಾಕ್ಟರ್ ಒಂದು ಹೆಣದ ತಲೆಗೆ ಗುಂಡು ಹೊಡೆಯುತ್ತಾನೆ, ಅದು ಬೀಳುತ್ತದೆ. ಮುಂದಿನದಕ್ಕೆ ಮತ್ತೆ ಎದೆಗೇ ಹೊಡೆಯುತ್ತಾನೆ. ಪುಣ್ಯಾತ್ಮ, ಈಗ ತಾನೇ ನೋಡಿದೆಯಲ್ಲಪ್ಪಾ!

ನೋಟ್‌ಬುಕ್ಕಿನ ಮೊದಲ ಪುಟ ಪೂರ್ತಿ ಸಿನಿಮಾದ ಆರಂಭಕ್ಕೇ ಹೋಯಿತು. 1927. ಹೋಟೆಲಿನ ಒಂದು ಕೋಣೆಯಲ್ಲಿ ಒಬ್ಬ ಚಿತ್ರಕಾರ ಬೂದು ಬಯಲಿನ ಚಿತ್ರ ಬರೆಯುತ್ತಿದ್ದಾನೆ. ಊರಿನವರು ದೋಣಿಯಲ್ಲಿ, ಕಾರಿನಲ್ಲಿ ಬಂದು ಅವನನ್ನು ನೆಲಮಾಳಿಗೆಗೆ ಎಳೆದು, ಚೈನಿನಿಂದ ಹೊಡೆದು, ಗೋಡೆಗೆ ಮೊಳೆ ಜಡಿದು, ಮುಖಕ್ಕೆ ಸುಣ್ಣದ ನೀರು ಎರಚುತ್ತಾರೆ. ಇಡೀ ಭಾಗ ಹಳೇ ಫೋಟೋದ ಕಂದು ಬಣ್ಣದಲ್ಲಿದೆ. ಹುಡುಗನಾಗಿದ್ದಾಗ ಟಿವಿ ಕೆಟ್ಟಿದೆ ಅಂದುಕೊಂಡಿದ್ದೆವು.

ಈಗ ನೋಡಿದರೆ, ಮೇಕಪ್‌ನವನಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ನಮ್ಮ ಅರ್ಧ ಕೆಲಸ ಕೆಂಪು ಬಣ್ಣ ಮಾಡುತ್ತದೆ. ಗಾಯ ಸರಿ ಬರದಿದ್ದರೆ ಮೇಲೆ ಒಂದಿಷ್ಟು ರಕ್ತ ಸುರಿದರಾಯಿತು, ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಕೆಂಪೇ ಇಲ್ಲ. ರಕ್ತ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಚರ್ಮ ಬಿರಿದ ಆಕಾರ, ಅದರ ಅಂಚು, ಒಳಗಿನ ಪಸೆ, ಇವೇ ನಂಬಿಸಬೇಕು. ನಂಬಿಸುತ್ತವೆ. ಈ ಕೆಲಸ ಮಾಡಿದವರು ಜಾನೆಟ್ಟೋ ದೆ ರೋಸ್ಸಿ. ಮೇಕಪ್ಪೇ ಕಸುಬಾಗಿದ್ದ ಮನೆತನದವರು. 1979ರಲ್ಲಿ ಫುಲ್ಚಿಯ ‘ಝೋಂಬಿ 2’ರಲ್ಲಿ ಮರದ ಸಿಬಿರು ಕಣ್ಣಿಗೆ ಹೊಕ್ಕುವ ಆ ಹೆಸರುವಾಸಿ ಶಾಟ್ ಇವರದ್ದೇ ಕೈಚಳಕ.

ಸುಮ್ಮನಿರಲಾಗಲಿಲ್ಲ. ಮಾರನೇ ದಿನ ಚೈನಿನ ಏಟನ್ನು ನಾನೇ ಮಾಡಿ ನೋಡಿದೆ. ಮನುಷ್ಯರ ಮೇಲಲ್ಲ, ಹಲಗೆ ಮೇಲೆ. ಜಿಲೆಟಿನ್ ಪುಡಿ, ಗ್ಲಿಸರಿನ್, ನೀರು ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದೆ. ತಟ್ಟೆಯಲ್ಲಿ ಅರ್ಧ ಬೆರಳು ದಪ್ಪ ಹೊಯ್ದು ಆರಿಸಿದೆ. ಹಲಗೆ ಮೇಲೆ ರಕ್ತದಲ್ಲಿ ಅದ್ದಿದ ಹತ್ತಿ, ಅದರ ಮೇಲೆ ಈ ಚರ್ಮ. ಹಳೇ ಸೈಕಲ್ ಚೈನ್ ತಗೊಂಡು ಬಾರಿಸಿದೆ. ಚೈನು ಪುಟಿದು ನನ್ನ ಮೊಣಕೈಗೇ ಬಡಿಯಿತು. ಚರ್ಮಕ್ಕೆ ಏನೂ ಆಗಿರಲಿಲ್ಲ, ಹಲ್ವಾದ ಹಾಗೆ ಅಲುಗಾಡುತ್ತಿತ್ತು.

ಎರಡನೇ ಸಲ ತೆಳ್ಳಗೆ ಹೊಯ್ದೆ. ಹಿಂಬದಿಯಿಂದ ಬ್ಲೇಡಿನಲ್ಲಿ ಮೊದಲೇ ಸೀಳಿ, ಮುಂಬದಿಯಲ್ಲಿ ಕಾಣುವ ಸೀಳನ್ನು ಮೇಕಪ್ ವ್ಯಾಕ್ಸಿನಿಂದ ಮುಚ್ಚಿ, ಮೇಲೆ ಬಣ್ಣ ಕೊಟ್ಟೆ. ಈ ಸಲ ಹೊಡೆಯಲೇಬೇಕಾಗಿರಲಿಲ್ಲ. ಚೈನನ್ನು ಹಾಗೇ ಎಳೆದರೂ ಬಾಯಿ ಬಿಟ್ಟಿತು. ಹತ್ತಿಯ ಎಳೆಗಳು ಮಾಂಸದ ನಾರಿನ ಹಾಗೆ ಹೊರಗೆ ಬಂದವು. ದೆ ರೋಸ್ಸಿ ಹೀಗೇ ಮಾಡಿದ್ದರು ಅಂತ ನಾನು ಹೇಳುತ್ತಿಲ್ಲ. ನನ್ನ ಹಲಗೆ ಮೇಲೆ ಹೀಗೆ ಬಂತು ಅಷ್ಟೆ. ಫೋನಿನಲ್ಲಿ ತೆಗೆದು ಬಣ್ಣ ಬದಲಿಸಿ ಕಂದು ಮಾಡಿ ನೋಡಿದೆ. ಕೆಂಪಲ್ಲಿ ಚೆನ್ನಾಗಿ ಕಂಡ ರಕ್ತ ಕಂದು ಬಣ್ಣದಲ್ಲಿ ಚಪ್ಪಟೆ ಡಾಂಬರಾಗಿತ್ತು. ನಮ್ಮ ರಕ್ತ ಅಂದರೆ ಲಿಕ್ವಿಡ್ ಗ್ಲೂಕೋಸಿಗೆ ಕೆಂಪು ಫುಡ್ ಕಲರ್, ಚಿಟಿಕೆ ಕಾಫಿ ಪುಡಿ. ಕಾಫಿ ಪುಡಿ ಬಿಟ್ಟು, ನೀರು ಜಾಸ್ತಿ ಮಾಡಿದ ಮೇಲೆ ಹೊಳಪು ಬಂತು. ಇಪ್ಪತ್ತು ವರ್ಷದಿಂದ ಕಾಫಿ ಪುಡಿ ಹಾಕುತ್ತಿದ್ದೇನೆ!

ಇನ್ನು ಜೇಡಗಳು. ಮಾರ್ಟಿನ್ ಎಂಬವನು ಹೋಟೆಲಿನ ಹಳೇ ನಕ್ಷೆ ಹುಡುಕಿಕೊಂಡು ಲೈಬ್ರರಿಗೆ ಬರುತ್ತಾನೆ. ಅಲ್ಲಿನ ಗುಮಾಸ್ತ ಊಟಕ್ಕೆ ಎದ್ದು ಹೋಗುತ್ತಾನೆ. ಆ ಗುಮಾಸ್ತ ಬೇರಾರೂ ಅಲ್ಲ, ಸ್ವತಃ ಫುಲ್ಚಿ. ಆಮೇಲೆ ಮಾರ್ಟಿನ್ ಏಣಿಯಿಂದ ಬಿದ್ದು ಮಿಸುಕಲಾಗದೆ ಮಲಗಿರುವಾಗ ಜೇಡಗಳು ಬರುತ್ತವೆ. ಗೆರೆ ತುಂಬಿದ ಕ್ಯಾಸೆಟ್ಟಿನಲ್ಲಿ ಇದು ಎದೆ ಒಡೆಸಿತ್ತು. ಒಳ್ಳೆ ಪ್ರಿಂಟಿನಲ್ಲಿ ನೋಡಿ ನನಗೆ ನಗು ಬಂತು. ನಿಜವಾದ ಜೇಡಗಳ ನಡುವೆ ಆಟದ ಸಾಮಾನಿನಂಥ ಜೇಡಗಳು ಟಕಟಕ ಕಾಲಾಡಿಸುತ್ತವೆ. ಕ್ಲೋಸಪ್ಪಿನಲ್ಲಿ ನಿಲ್ಲಿಸಿದರೆ ಮುಖ ಬೊಂಬೆಯದು ಅಂತ ಸಲೀಸಾಗಿ ತಿಳಿಯುತ್ತದೆ. ಬೆವರಿಲ್ಲ, ಚರ್ಮದಲ್ಲಿ ರಂಧ್ರಗಳಿಲ್ಲ. ತುಟಿ ಎಳೆದಾಗ ಕೆನ್ನೆ ಅಲುಗುವುದಿಲ್ಲ. ತುಟಿ ಎಳೆದರೆ ಕೆನ್ನೆ ಬರಲೇಬೇಕು, ಇದು ನಮ್ಮ ಕಸುಬಿನ ಮೊದಲ ಪಾಠ. ಮಾರ್ಟಿನ್ ಪಾತ್ರ ಮಾಡಿದ ಮಿಕೆಲೆ ಮಿರಾಬೆಲ್ಲಾ ಮುಂದೆ ಇಟಲಿಯ ಟಿವಿಯಲ್ಲಿ ‘ಎಲಿಸಿರ್’ ಅನ್ನುವ ಆರೋಗ್ಯದ ಕಾರ್ಯಕ್ರಮ ನಡೆಸಿಕೊಟ್ಟು ಮನೆಮಾತಾದರು. ಜೇಡಗಳು ಕಿತ್ತು ತಿಂದ ಬಾಯಲ್ಲೇ ಬಿಪಿ, ಶುಗರ್ ಬಗ್ಗೆ ಮಾತು.

ಆಸ್ಪತ್ರೆಯಲ್ಲಿ ನಡೆಯುವ ಆಸಿಡ್ ದೃಶ್ಯವೂ ಅಷ್ಟೇ. ಮುಖ ಕರಗುವುದಕ್ಕಿಂತ, ನೆಲದ ಮೇಲೆ ಹರಿದು ಬರುವ ಕೆಂಪು ನೊರೆಯಿಂದ ಪುಟ್ಟ ಹುಡುಗಿ ಹಿಂದೆ ಹಿಂದೆ ಸರಿಯುವುದು ಚೆನ್ನಾಗಿದೆ. ಅದೇ ಆಸ್ಪತ್ರೆಯ ಬಾಗಿಲ ಮೇಲೆ ‘ಡು ನಾಟ್ ಎಂಟ್ರಿ’ ಅಂತ ಬೋರ್ಡಿದೆ. ಇಟಲಿಯವರ ಇಂಗ್ಲಿಷ್. ಕೊನೆಗೆ ಲಿಫ್ಟಿನಲ್ಲಿ ಡಾಕ್ಟರ್ ಪಾತ್ರದ ಡೇವಿಡ್ ವಾರ್ಬೆಕ್ ಪಿಸ್ತೂಲಿನ ನಳಿಗೆಯ ಬಾಯೊಳಗೇ ಗುಂಡು ತುಂಬಿಸುವ ಹಾಗೆ ತಮಾಷೆ ಮಾಡುತ್ತಾರೆ. ಪಕ್ಕದಲ್ಲಿ ಲೈಝಾ ಆಗಿರುವ ಕ್ಯಾಟ್ರಿಯೋನಾ ಮೆಕಾಲ್‌ಗೆ ನಗು ತಡೆಯಲಾಗಿಲ್ಲ. ಆ ಶಾಟನ್ನು ಹಾಗೇ ಉಳಿಸಿದ್ದಾರೆ!

ಹೀಗೆ ಒಂದೊಂದೇ ಹಳೇ ಭಯ ಕೈಬಿಟ್ಟು ಹೋಯಿತು. ಹೊಸದೊಂದು ಹಿಡಿದುಕೊಂಡಿತು, ಅದೂ ಅಣ್ಣ ಫಾರ್ವರ್ಡ್ ಮಾಡಿದ್ದ ಜಾಗದಲ್ಲಿ.

ನ್ಯೂ ಆರ್ಲಿಯನ್ಸ್ ಪಕ್ಕದಲ್ಲಿ ಪಾಂಚಟ್ರೇನ್ ಎಂಬ ದೊಡ್ಡ ಸರೋವರವಿದೆ. ಅದರ ಮೇಲೆ ಸುಮಾರು 38 ಕಿಲೋಮೀಟರ್ ಉದ್ದದ ಸೇತುವೆ. ಲೈಝಾ ಅದರ ಮೇಲೆ ಕಾರಿನಲ್ಲಿ ಬರುತ್ತಿರುತ್ತಾಳೆ. ಎರಡೂ ಕಡೆ ಬರೀ ನೀರು. ರಸ್ತೆಯ ನಟ್ಟನಡುವೆ ಒಬ್ಬ ಕುರುಡಿ ಹುಡುಗಿ, ಪಕ್ಕದಲ್ಲಿ ನಾಯಿ. ಅಷ್ಟೇ. ರಕ್ತ ಇಲ್ಲ, ಕಿರುಚಾಟ ಇಲ್ಲ. ಇಲ್ಲಿಗೆ ಇವಳು ನಡೆದುಕೊಂಡು ಬಂದಿರಲು ಸಾಧ್ಯವೇ ಇಲ್ಲವಲ್ಲ ಅಂತ ಮೈ ಜುಮ್ಮೆಂದಿತು. ಇದೇ ಹುಡುಗಿ ಎಮಿಲಿ ಇನ್ನೊಮ್ಮೆ ಹೋಟೆಲಿನಿಂದ ಹೆದರಿ ಹೊರಗೆ ಓಡುತ್ತಾಳೆ. ಓಡುವಾಗ ಅವಳ ಹೆಜ್ಜೆ ಸದ್ದೇ ಆಗಿರಲಿಲ್ಲ ಅಂತ ಲೈಝಾಗೆ ಆಮೇಲೆ ಹೊಳೆಯುತ್ತದೆ. ಆಗ ಓಡಿದ್ದನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ಆ ಕಾಲದ ಇಟಲಿ ಸಿನಿಮಾಗಳಲ್ಲಿ ಮಾತು, ಸದ್ದು ಎಲ್ಲವನ್ನೂ ಆಮೇಲೆ ಸೇರಿಸುತ್ತಿದ್ದರು. ಸೇರಿಸದೇ ಬಿಟ್ಟದ್ದೇ ಇಲ್ಲಿ ಭಯ.

ಎಮಿಲಿಯ ಕಣ್ಣಿನ ಬಿಳಿ ಲೆನ್ಸ್ ನೋಡಿದಾಗ ನನ್ನದೇ ಒಂದು ತಪ್ಪು ನೆನಪಾಯಿತು. ಒಂದು ಸೀರಿಯಲ್‌ನಲ್ಲಿ ದೆವ್ವದ ಪಾತ್ರಕ್ಕೆ ಅಗ್ಗದ ಬಿಳಿ ಲೆನ್ಸ್ ತರಿಸಿದ್ದೆ. ಪೂರ್ತಿ ಬಿಳಿಯಾದ ಲೆನ್ಸ್ ಹಾಕಿದರೆ ಮಂಜಿನ ಒಳಗೆ ನಿಂತ ಹಾಗೆ, ಎದುರಿನದು ಕಾಣುವುದಿಲ್ಲ. ಆ ಹುಡುಗಿ ಲೈಟ್ ಸ್ಟ್ಯಾಂಡಿಗೆ ಡಿಕ್ಕಿ ಹೊಡೆದಳು. ಸಂಜೆಗೆ ಕಣ್ಣು ಕೆಂಡವಾಗಿತ್ತು. ಎರಡು ದಿನ ಶೂಟಿಂಗ್ ನಿಂತಿತು. ಅವತ್ತಿಂದ ಕಣ್ಣಿನ ಡಾಕ್ಟರಿಗೆ ತೋರಿಸದೆ ಯಾರ ಕಣ್ಣಿಗೂ ಲೆನ್ಸ್ ಇಡುವುದಿಲ್ಲ. ಹಾಕಿದವರ ಪಕ್ಕದಲ್ಲಿ ಕೈ ಹಿಡಿಯಲು ಒಬ್ಬರು ಇರಲೇಬೇಕು.

ಸಿನಿಮಾದ ಕೊನೆಯಲ್ಲೂ ಅದೇ ಕಣ್ಣು. ಲೈಝಾ ಮತ್ತು ಡಾಕ್ಟರ್ ಆಸ್ಪತ್ರೆಯಲ್ಲಿ ಮೆಟ್ಟಿಲು ಇಳಿಯುತ್ತಾರೆ. ಇಳಿದ ಜಾಗ ನೋಡಿದರೆ ಹೋಟೆಲಿನ ನೆಲಮಾಳಿಗೆ! ಅಂದ ಹಾಗೆ, ನ್ಯೂ ಆರ್ಲಿಯನ್ಸ್ ಕಡೆ ನೆಲ ತಗ್ಗು, ತೋಡಿದರೆ ನೀರು, ನೆಲಮಾಳಿಗೆ ಬಲು ಅಪರೂಪ. ಈ ನೆಲಮಾಳಿಗೆ ಇದ್ದದ್ದು ರೋಮಿನ ಸ್ಟುಡಿಯೋದಲ್ಲಿ. ಅದನ್ನೂ ದಾಟಿದರೆ ಮಂಜು ತುಂಬಿದ ಬೂದು ಬಯಲು, ಅಲ್ಲಲ್ಲಿ ಮಲಗಿದ ದೇಹಗಳು. 1927ರಲ್ಲಿ ಆ ಚಿತ್ರಕಾರ ಬರೆಯುತ್ತಿದ್ದ ಚಿತ್ರ ಇದೇ. ತಿರುಗಿ ನೋಡಿದರೆ ಬಂದ ದಾರಿ ಇಲ್ಲ. ಇಬ್ಬರೂ ನಮ್ಮ ಕಡೆ ತಿರುಗುತ್ತಾರೆ, ಕಣ್ಣು ಬಿಳಿಯಾಗಿವೆ. ಫಾಬಿಯೋ ಫ್ರಿಝ್ಝಿಯ ಸಂಗೀತ. ಒಂದು ಹನಿ ರಕ್ತ ಇಲ್ಲ.

ಹೋದ ವಾರ ಮತ್ತೆ ಸೀರಿಯಲ್ಲಿಗೆ ದೆವ್ವದ ದೃಶ್ಯ ಬಂತು. ಈ ಸಲ ಒಳ್ಳೆ ಲೆನ್ಸ್. ಕ್ಯಾಮೆರಾದವರ ಹತ್ತಿರ ಹೋಗಿ, “ಅಣ್ಣಾ, ಕ್ಲೋಸಪ್ ಬೇಡ, ಪಡಸಾಲೆಯ ಆ ತುದಿಯಲ್ಲಿ ಸುಮ್ನೆ ನಿಲ್ಲಿಸಿ ನೋಡೋಣ” ಅಂದೆ. ಅವರು ಒಪ್ಪಿದರು. ಮಾನಿಟರಿನಲ್ಲಿ ನೋಡಿದ ಲೈಟ್ ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ನಿರ್ದೇಶಕರು ಎರಡು ಸಲ ನೋಡಿ ತಲೆ ಆಡಿಸಿದರು.

“ಚೆನ್ನಾಗಿದೆ ಕಣ್ರೀ. ಆದ್ರೂ ಕಣ್ಣಿಂದ ಎರಡು ಹನಿ ರಕ್ತ ಬರ್ಲಿ.”

ಹಾಕಿದೆ. ಕಾಫಿ ಪುಡಿ ಮಾತ್ರ ಹಾಕಲಿಲ್ಲ.