ಹಿಂದಿನ ಚಕ್ರ ಮೊದಲು: ನನ್ನ ಎಸ್2000ಗೆ ಟೈರ್ ಸೈಜ್ ಹುಡುಕಿದ ಅನುಭವ

ಆ ದಿನ ಮಳೆ ಜೋರಾಗಿರಲಿಲ್ಲ. ರಸ್ತೆ ಒದ್ದೆಯಾಗಿತ್ತು, ಅಷ್ಟೇ. ದಿನಾ ಹೋಗುವ ಎಡ ತಿರುವು, ಎರಡನೇ ಗೇರು. ಸ್ಟೀರಿಂಗ್ ತಿರುಗಿಸಿದ ಕೂಡಲೇ ಗಾಡಿಯ ಮುಂಭಾಗ ಹೇಳಿದ ಮಾತು ಕೇಳಿತು. ವೇಗ ಸ್ವಲ್ಪ ಜಾಸ್ತಿ ಆಯಿತೇನೋ ಅನ್ನಿಸಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಅಷ್ಟಕ್ಕೇ ಹಿಂಭಾಗ ಸರ್ರನೆ ಬಲಕ್ಕೆ ಜಾರಿತು. ಸ್ಟೀರಿಂಗನ್ನು ಬಲಕ್ಕೆ ಕೊಟ್ಟು ಹೇಗೋ ಸಂಭಾಳಿಸಿದೆ. ಎದುರಿಗೆ ಯಾರೂ ಬರಲಿಲ್ಲ. ಪಕ್ಕಕ್ಕೆ ನಿಲ್ಲಿಸಿದಾಗ ಕೈ ನಡುಗುತ್ತಿತ್ತು.

ಮುಂದಿನ ಎರಡು ಟೈರು ಹೊಸದಾಗಿ ಹಾಕಿಸಿ ಇನ್ನೂ ಮುನ್ನೂರು ಕಿಲೋಮೀಟರ್ ಆಗಿರಲಿಲ್ಲ. ಗಾಡಿ ಜಾರಿದ್ದಕ್ಕೆ ಆ ಹೊಸ ಟೈರುಗಳೂ ಒಂದು ಕಾರಣ ಅಂತ ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು.

ನನ್ನದು ಹೋಂಡಾ ಎಸ್2000, ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಎಪಿ1 ಅನ್ನುತ್ತಾರಲ್ಲ, ಆ ಮೊದಲ ಮಾದರಿ. ಇಂಜಿನ್ ಮುಂದಿದೆ, ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಎರಡು ಲೀಟರ್ ಇಂಜಿನ್ 9000 ಆರ್‌ಪಿಎಂವರೆಗೆ ಏರುತ್ತದೆ. ಭಾರ ಮುಂದೆ ಹಿಂದೆ ಹೆಚ್ಚುಕಮ್ಮಿ ಅರ್ಧರ್ಧ. ಗಾಡಿ ಜಾರಿದಾಗ ತಾನೇ ಬ್ರೇಕ್ ಹಿಡಿದು ಸಂಭಾಳಿಸುವ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಹಿಂದಿನ ಟೈರು ಹಿಡಿತ ಬಿಟ್ಟರೆ ಹಿಡಿದುಕೊಳ್ಳಬೇಕಾದವರು ನಾವೇ.

ಕಂಪನಿಯಿಂದ ಬಂದ ಅಳತೆ ಮುಂದೆ 205/55ಆರ್16, ಹಿಂದೆ 225/50ಆರ್16 (ಈ ಅಂಕಿಗಳ ಅರ್ಥ ಮುಂದೆ ಹೇಳುತ್ತೇನೆ). ಈ ಎರಡೂ ಸೈಜು ಒಂದೇ ಟೈರ್ ಮಾಡೆಲ್‌ನಲ್ಲಿ, ನನಗೆ ಬೇಕಾದ ಮೆತ್ತನೆಯ ರಬ್ಬರಿನಲ್ಲಿ ಸಿಗುವುದು ಕಷ್ಟವಾಯಿತು. ಹಾಗಾಗಿ 17 ಇಂಚಿಗೆ ಹೋಗೋಣ ಅಂದುಕೊಂಡೆ. ಆಮೇಲೆ ಬಂದ ಎಸ್2000ಗಳಿಗೆ ಹೋಂಡಾದವರೇ 17 ಇಂಚಿನ ಚಕ್ರ ಕೊಟ್ಟಿದ್ದಾರೆ: ಮುಂದೆ 7 ಇಂಚು ಅಗಲದ ರಿಮ್, ಹಿಂದೆ 8.5 ಇಂಚು. ಐದು ನಟ್, ಅವು ಕೂರುವ ವೃತ್ತ 114.3 ಮಿ.ಮೀ., ನಡುವಿನ ತೂತು 64.1 ಮಿ.ಮೀ., ಎಲ್ಲವೂ ನನ್ನ ಗಾಡಿಯದ್ದೇ. ಆಫ್‌ಸೆಟ್ (ರಿಮ್‌ನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖಕ್ಕಿರುವ ದೂರ, ಮಿ.ಮೀ.ನಲ್ಲಿ) ಕೂಡ ಅದೇ, ಮುಂದೆ 55, ಹಿಂದೆ 65. ಅಂಥದ್ದೇ ಒಂದು ಸೆಟ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಹಿಂದಿನ ರಿಮ್‌ಗಳಲ್ಲಿ 245/40ಆರ್17 ಟೈರುಗಳೂ ಇದ್ದವು. ಮುಂದಿನವು ಬೋಳಾಗಿದ್ದವು.

ತಪ್ಪು ಆಗಿದ್ದು ಇಲ್ಲೇ. ಹಿಂದಿನ ಟೈರಿನಲ್ಲಿ 5 ಮಿ.ಮೀ. ಗೀರು (ಟ್ರೆಡ್‌ನ ಆಳ) ಉಳಿದಿತ್ತು. "ಇನ್ನೂ ಚೆನ್ನಾಗಿವೆ, ಸುಮ್ನೆ ಯಾಕೆ ಬಿಸಾಕೋದು" ಅಂತ ಇಟ್ಟುಕೊಂಡೆ. ಮುಂದಕ್ಕೆ ಮಾತ್ರ ಹೊಸದು ತರಲು ಹೋದೆ. ಆ ರಿಮ್‌ಗೆ ಹೋಂಡಾ ಹೇಳಿದ್ದು 215/45ಆರ್17. ನನಗೆ ಬೇಕಿದ್ದ ಮಾಡೆಲ್‌ನಲ್ಲಿ ಅದು ಇರಲಿಲ್ಲ, 225/45ಆರ್17 ಇತ್ತು. ಹತ್ತು ಮಿ.ಮೀ. ಅಗಲ ಜಾಸ್ತಿ, ಒಳ್ಳೆಯದೇ ಅಲ್ವಾ ಅಂತ ಹಾಕಿಸಿದೆ.

ಗಾಡಿ ಜಾರಿದ ಮೇಲೆ ಹಿಂದಿನ ಟೈರಿನ ಪಕ್ಕದಲ್ಲಿ ಕೂತು ನೋಡಿದೆ. ಟೈರಿನ ಗೋಡೆಯ ಮೇಲೆ ಮೊಟ್ಟೆಯಾಕಾರದ ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಲೆಕ್ಕ ಹಾಕಿದರೆ ಏಳು ವರ್ಷ ದಾಟಿತ್ತು. ಉಗುರಿನಿಂದ ಒತ್ತಿದೆ. ಮುಂದಿನ ಹೊಸ ರಬ್ಬರಿನಲ್ಲಿ ಉಗುರಿನ ಗುರುತು ಒಂದು ಕ್ಷಣ ನಿಂತು ಮಾಯವಾಗುತ್ತಿತ್ತು. ಹಿಂದಿನದರಲ್ಲಿ ಗುರುತೇ ಬೀಳಲಿಲ್ಲ. ಗೀರು ಇತ್ತು, ರಬ್ಬರಿನ ಜೀವ ಹೋಗಿತ್ತು. ಅಂದರೆ ನಾನು ಮುಂದಿನ ಹಿಡಿತವನ್ನು ಅಗಲದಿಂದಲೂ ರಬ್ಬರಿನಿಂದಲೂ ಏರಿಸಿ, ಹಿಂದಿನದನ್ನು ಹಾಗೇ ಬಿಟ್ಟಿದ್ದೆ. ಹಿಂದಿನ ಚಕ್ರದಿಂದ ಓಡುವ ಗಾಡಿಯಲ್ಲಿ ಇದಕ್ಕಿಂತ ಕೆಟ್ಟ ಜೋಡಿ ಇನ್ನೊಂದಿಲ್ಲ. ಮುಂದಿನ ಟೈರು ಮೊದಲು ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ಕಾಲು ತೆಗೆದರೆ ಬಹುತೇಕ ಸರಿಹೋಗುತ್ತದೆ. ಹಿಂದಿನದು ಮೊದಲು ಜಾರಿದರೆ ಗಾಡಿ ಸುತ್ತುತ್ತದೆ. ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು ಹಿಂಭಾಗ ಮತ್ತೂ ಹಗುರಾಗುತ್ತದೆ. ನನಗೆ ಆಗಿದ್ದು ಅದೇ.

ಆಮೇಲೆ ಪೇಪರ್, ಪೆನ್ನು ಹಿಡಿದು ಕೂತೆ.

ಟೈರಿನ ಸೈಜು ಓದುವಾಗ ಒಂದು ವಿಷಯ ಗಮನಿಸಬೇಕು. ಒಂದೇ ಸಾಲಿನಲ್ಲಿ ಮೂರು ಬಗೆಯ ಲೆಕ್ಕ ಇದೆ. 225 ಅಂದರೆ ಅಗಲ, ಮಿ.ಮೀ.ನಲ್ಲಿ. 45 ಅಂದರೆ ಆ ಅಗಲದ ನೂರಕ್ಕೆ 45 ಭಾಗ ಗೋಡೆಯ ಎತ್ತರ. 17 ಅಂದರೆ ರಿಮ್‌ನ ವ್ಯಾಸ, ಇಂಚಿನಲ್ಲಿ. ನಡುವಿನ ಅಂಕಿ ಶೇಕಡಾವಾರು ಆಗಿರುವುದರಿಂದ ಅಗಲ ಏರಿಸಿದರೆ ಎತ್ತರವೂ ತಾನಾಗಿ ಏರುತ್ತದೆ. ಸುಮಾರು ಜನ ಎಡವುವುದು ಇಲ್ಲೇ. ಟೈರ್ ಅಂಗಡಿಯವರೊಬ್ಬರು ನನಗೆ ಹಿಂದಕ್ಕೆ 245/45ಆರ್17 ಹೇಳಿದರು. "ಇದೂ ಕೂತ್ಕೊಳ್ಳತ್ತೆ ಸರ್, ಅದೇ 245, ಅದೇ 17" ಅಂದರು. ಕೂರುತ್ತದೆ ನಿಜ. ಆದರೆ ಪೂರ್ತಿ ವ್ಯಾಸ 652 ಮಿ.ಮೀ. ಆಗುತ್ತದೆ. ನನ್ನ ಮುಂದಿನ ಟೈರಿಗಿಂತ 18 ಮಿ.ಮೀ. ದೊಡ್ಡದು.

ಲೆಕ್ಕ ಸುಲಭ. ಅಗಲವನ್ನು ಶೇಕಡಾವಾರಿನಿಂದ ಗುಣಿಸಿ ಗೋಡೆಯ ಎತ್ತರ ತೆಗೆಯಿರಿ. ಮೇಲೊಂದು ಕೆಳಗೊಂದು ಗೋಡೆ ಇರುವುದರಿಂದ ಅದನ್ನು ಎರಡು ಪಟ್ಟು ಮಾಡಿ. ರಿಮ್‌ನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ. ಕಂಪನಿಯ 16 ಇಂಚಿನ ಜೋಡಿ ಮುಂದೆ 631.9, ಹಿಂದೆ 631.4 ಮಿ.ಮೀ. ಬರುತ್ತದೆ. ಅರ್ಧ ಮಿ.ಮೀ. ವ್ಯತ್ಯಾಸ! ಅಗಲ ಬೇರೆ ಬೇರೆ ಇದ್ದರೂ ಎರಡರ ಸುತ್ತಳತೆ ಒಂದೇ ಆಗುವ ಹಾಗೆ ನೋಡಿಕೊಂಡಿದ್ದಾರೆ. ಇದು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಅವರದೇ 17 ಇಂಚಿನ ಜೋಡಿ 625.3 ಮತ್ತು 627.8. ಅಲ್ಲೂ ಅಷ್ಟೇ, ಎರಡೂವರೆ ಮಿ.ಮೀ. ಒಳಗೆ.

ನಾನು ಮಾಡಿಕೊಂಡಿದ್ದ ಜೋಡಿ ಮುಂದೆ 634.3, ಹಿಂದೆ 627.8. ಹಿಂದಿನದು ಶೇ. 1ರಷ್ಟು ಸಣ್ಣದು. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ನಾಲ್ಕೂ ಚಕ್ರದ ವೇಗ ಹೋಲಿಸಿ ನೋಡುತ್ತಲೇ ಇರುತ್ತದೆ. ಹಿಂದಿನ ಚಕ್ರ ಸಣ್ಣದಾದರೆ ಅದಕ್ಕೆ ಹಿಂದಿನದು ಸದಾ ಸ್ವಲ್ಪ ಜೋರಾಗಿ ತಿರುಗುತ್ತಿರುವಂತೆ ಕಾಣುತ್ತದೆ. ಶೇ. 1ಕ್ಕೆ ನನ್ನ ಗಾಡಿ ಏನೂ ತಕರಾರು ಮಾಡಲಿಲ್ಲ. ಆದರೆ ಸ್ಟೆಬಿಲಿಟಿ ಕಂಟ್ರೋಲ್ ಇರುವ ಗಾಡಿಯಾದರೆ ಈ ವ್ಯತ್ಯಾಸದ ಬಗ್ಗೆ ಇನ್ನೂ ಹುಷಾರಾಗಿರಬೇಕು. ಮೂಲ ಅಳತೆಗಿಂತ ಶೇ. 3ರ ಒಳಗಿದ್ದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅದು ಸ್ಪೀಡೋಮೀಟರಿಗೆ ಸರಿ. ಮುಂದು ಹಿಂದಿನ ನಡುವೆ ಮಾತ್ರ ನಾನು ಶೇ. 1 ಕೂಡ ಬಿಡುವುದಿಲ್ಲ.

ಈಗ ಅಗಲದ ವಿಷಯ. ಎಪಿ1ನಲ್ಲಿ ಮುಂದೆ ಹಿಂದಿನ ಅಂತರ 20 ಮಿ.ಮೀ. 17 ಇಂಚಿಗೆ ಬಂದಾಗ ಹೋಂಡಾದವರು ಅದನ್ನು 30 ಮಾಡಿದರು, 215ಕ್ಕೆ 245. ಕೊನೆಗೆ ಬಂದ ಸಿಆರ್ ಮಾದರಿಯಲ್ಲಿ ಮುಂದೆ ಅದೇ 215 ಇಟ್ಟು ಹಿಂದೆ 255/40ಆರ್17 ಕೊಟ್ಟರು. ಅಂತರ 40 ಆಯಿತು. ಗಾಡಿ ಮಾಡಿದವರೇ ಪ್ರತಿ ಸಲ ಹಿಂದಕ್ಕೆ ಜಾಸ್ತಿ ಕೊಡುತ್ತಾ ಹೋಗಿದ್ದಾರೆ. ನಾನು ಅದರ ತದ್ವಿರುದ್ಧ ಹೋಗಿ 30 ಇದ್ದದ್ದನ್ನು 20ಕ್ಕೆ ಇಳಿಸಿದ್ದೆ.

ಮುಂದಿನ ಟೈರು ಹೊಸದು, ಅದನ್ನು ತೆಗೆಯುವ ಮನಸ್ಸಿರಲಿಲ್ಲ. ಹಾಗಾದರೆ 225/45ಕ್ಕೆ ಸರಿಯಾದ ಹಿಂದಿನ ಜೋಡಿ ಯಾವುದು? 255/40ಆರ್17 ಹಾಕಿ ನೋಡಿದೆ: 635.8. ಮುಂದಿನದಕ್ಕಿಂತ ಒಂದೂವರೆ ಮಿ.ಮೀ. ಮಾತ್ರ ಜಾಸ್ತಿ. ಅಂತರ ಮತ್ತೆ 30. ಮೂಲದ 16 ಇಂಚಿಗೆ ಹೋಲಿಸಿದರೆ ಹಿಂದಿನದು ಶೇ. 0.7 ದೊಡ್ಡದು, ಅಂದರೆ ಸ್ಪೀಡೋಮೀಟರಿನಲ್ಲೂ ಹೆಸರಿಗಷ್ಟೇ ವ್ಯತ್ಯಾಸ. ಅದೇ ಮಾಡೆಲ್‌ನಲ್ಲಿ ಸಿಗುತ್ತಿತ್ತು ಕೂಡ. ಮಾಡೆಲ್ ಒಂದೇ ಆಗಿರುವುದು ಮುಖ್ಯ. ಮುಂದೊಂದು ರಬ್ಬರು ಹಿಂದೊಂದು ರಬ್ಬರು ಹಾಕಿದರೆ ಮಳೆಯಲ್ಲಿ, ಚಳಿಯಲ್ಲಿ ಯಾವುದು ಯಾವಾಗ ಕೈಬಿಡುತ್ತದೆ ಅಂತ ಊಹಿಸಲು ಆಗುವುದಿಲ್ಲ.

ಇನ್ನು ರಿಮ್‌ಗೆ ಕೂರುತ್ತದೋ ಇಲ್ಲವೋ ನೋಡಬೇಕು. ಪ್ರತಿ ಟೈರಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ ಅಂತ ತಯಾರಕರು ಕೊಡುತ್ತಾರೆ. 255/40ಆರ್17ಕ್ಕೆ ಅದು 8.5ರಿಂದ 10 ಇಂಚು. ನನ್ನದು 8.5, ಕೆಳಗಿನ ಅಂಚಿನಲ್ಲಿದೆ, ಆದರೆ ಒಳಗೇ ಇದೆ. ಟೈರಿನ ಮೇಲೆ ಬರೆದ ಅಗಲ, ಅಳೆಯಲೆಂದೇ ಗೊತ್ತುಮಾಡಿದ ಒಂದು ರಿಮ್ (ಅಳತೆ ರಿಮ್) ಮೇಲೆ ತೆಗೆದದ್ದು. ರಿಮ್ ಅರ್ಧ ಇಂಚು ಕಮ್ಮಿಯಾದರೆ ಟೈರು ಸುಮಾರು 5 ಮಿ.ಮೀ. ಕಿರಿದಾಗುತ್ತದೆ. 255/40ರ ಅಳತೆ ರಿಮ್ 9 ಇಂಚು, ಹಾಗಾಗಿ ನನ್ನಲ್ಲಿ ಅದು ನಿಜಕ್ಕೂ 250ರ ಹತ್ತಿರ. 225/45ರದ್ದು 7.5 ಇಂಚು, ನನ್ನ ರಿಮ್ 7, ಹಾಗಾಗಿ 220. ಎರಡೂ ಅಷ್ಟೇ ಕಿರಿದಾದದ್ದರಿಂದ ಅಂತರ ಹಾಗೇ ಉಳಿಯಿತು.

ಟೈರು ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಅಂಕಿಯೂ ಟೈರಿನ ಮೇಲಿರುತ್ತದೆ, ಅದರ ಲೆಕ್ಕ ಬೇಗ ಮುಗಿಯಿತು. ಹಿಂದೆ ಕಂಪನಿಯ 16 ಇಂಚಿನ ಟೈರಿನಲ್ಲಿದ್ದದ್ದು 92, ಅಂದರೆ ಒಂದು ಟೈರಿಗೆ 630 ಕೆ.ಜಿ. ಹೊಸದು 94, 670 ಕೆ.ಜಿ. ಟೈರು ತಡೆಯುವ ವೇಗವನ್ನು ಹೇಳುವ ಅಕ್ಷರ ಡಬ್ಲ್ಯು, ಗಂಟೆಗೆ 270 ಕಿ.ಮೀ.ವರೆಗೆ. ಎರಡರಲ್ಲೂ ಮೂಲಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ನನ್ನ ನಿಯಮ.

ಉಳಿದದ್ದು ಜಾಗ. ಆಫ್‌ಸೆಟ್ ಬದಲಾಗಿಲ್ಲ, ಆದ್ದರಿಂದ ಹೆಚ್ಚಾದ ಅಗಲ ಒಳಗೂ ಹೊರಗೂ ಸಮನಾಗಿ ಹಂಚಿಹೋಗುತ್ತದೆ. 16 ಇಂಚಿನಲ್ಲಿ ಹಿಂದಿನ ಟೈರು 7.5 ಇಂಚಿನ ರಿಮ್ ಮೇಲೆ ಸುಮಾರು 230 ಮಿ.ಮೀ. ಇತ್ತು. ಈಗ 250. ಪ್ರತಿ ಪಕ್ಕಕ್ಕೆ ಹತ್ತು ಮಿ.ಮೀ. ಪೇಪರಿನ ಮೇಲೆ ಸಾಕು ಅನ್ನಿಸಿತು. ಆದರೆ ಗುಂಡಿಗೆ ಇಳಿದಾಗ ಚಕ್ರ ಎಲ್ಲಿಗೆ ಬರುತ್ತದೆ ಅಂತ ಪೇಪರ್ ಹೇಳುವುದಿಲ್ಲ. ಹಾಗಾಗಿ ಮಕ್ಕಳು ಆಡುವ ಮೆತ್ತನೆ ಜೇಡಿಮಣ್ಣು ತಂದೆ. ಅದನ್ನು 12 ಮಿ.ಮೀ. ದಪ್ಪ ಉಂಡೆ ಮಾಡಿ ಹಿಂದಿನ ಫೆಂಡರಿನ ಒಳ ಅಂಚಿಗೆ, ಒಳಗಡೆ ಪ್ಲಾಸ್ಟಿಕ್ಕಿಗೆ, ಬಂಪರ್ ಮತ್ತು ಫೆಂಡರ್ ಸೇರುವ ಮೂಲೆಗೆ, ಹೀಗೆ ಆರು ಕಡೆ ಅಂಟಿಸಿದೆ. ಹೊಸ ಟೈರು ಹಾಕಿ, ಪಕ್ಕದ ಸೀಟಿನಲ್ಲಿ ಗೆಳೆಯನನ್ನು ಕೂರಿಸಿ, ಡಿಕ್ಕಿಯಲ್ಲಿ ಭಾರ ಇಟ್ಟು ನಿಧಾನಕ್ಕೆ ಉಬ್ಬುಗಳ ಮೇಲೆ ಓಡಿಸಿದೆ. ವಾಪಸ್ ಬಂದು ಟಾರ್ಚ್ ಹಾಕಿ ನೋಡಿದೆ. ಐದು ಉಂಡೆ ಹಾಗೇ ಇದ್ದವು. ಬಂಪರ್ ಮೂಲೆಯ ಉಂಡೆ ಮಾತ್ರ ಚಪ್ಪಟೆಯಾಗಿತ್ತು, ಟೈರಿನ ಸಣ್ಣ ಗೆರೆಗಳು ಅದರ ಮೇಲೆ ಅಚ್ಚೊತ್ತಿದ್ದವು. ಅಳೆದರೆ 4 ಮಿ.ಮೀ. ಉಳಿದಿತ್ತು. ನಿಮ್ಮ ಗಾಡಿ ತಗ್ಗಿಸಿದ್ದರೆ ಇಷ್ಟು ಸಾಲುವುದಿಲ್ಲ. ನನ್ನದು ಕಂಪನಿಯ ಎತ್ತರದಲ್ಲೇ ಇದೆ, ಬಿಟ್ಟೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಟೈರಿನ ಕೆಳಗೆ, ನೆಲಕ್ಕೂ ರಬ್ಬರಿಗೂ ಸೇರಿಸಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗಾಡಿಯನ್ನು ನೇರಕ್ಕೆ ತಳ್ಳಿ ಚಕ್ರ ಒಂದು ಸುತ್ತು ಬಂದಲ್ಲಿ ಇನ್ನೊಂದು ಗೆರೆ. ನಡುವಿನ ದೂರ ಟೇಪಿನಿಂದ ಅಳೆಯಿರಿ. ಗಾಡಿಯ ಭಾರಕ್ಕೆ ಟೈರು ತುಸು ಕುಸಿದಿರುವುದರಿಂದ ಲೆಕ್ಕದ ಸುತ್ತಳತೆಗಿಂತ ಇದು ಕಮ್ಮಿಯೇ ಬರುತ್ತದೆ. ಆದರೆ ರಸ್ತೆಯ ಮೇಲೆ ನಿಜವಾಗಿ ನಡೆಯುವುದು ಇದೇ. ಹಳೆಯ ಜೋಡಿಯಲ್ಲಿ ಮುಂದೆ 1929, ಹಿಂದೆ 1908 ಮಿ.ಮೀ. ಬಂದಿತ್ತು. ಹೊಸದು ಹಾಕಿದ ಮೇಲೆ ಹಿಂದೆ 1935. ಇಪ್ಪತ್ತೊಂದು ಇದ್ದ ವ್ಯತ್ಯಾಸ ಆರಕ್ಕೆ ಇಳಿಯಿತು. ಎಡ ಬಲ ಚಕ್ರಗಳನ್ನೂ ಹೀಗೇ ಅಳೆದೆ. ಈ ಗಾಡಿಯಲ್ಲಿ ಟಾರ್ಸನ್ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರು ಜೋಡಣೆ) ಇದೆ. ಹಿಂದಿನ ಎರಡು ಟೈರು ಬೇರೆ ಬೇರೆ ಸವೆದಿದ್ದರೆ ಅದು ನೇರ ರಸ್ತೆಯಲ್ಲೂ ಸುಮ್ಮನೆ ದುಡಿಯುತ್ತಲೇ ಇರಬೇಕಾಗುತ್ತದೆ. ಒಂದು ಪಂಚರ್ ಆಗಿ ಹಾಳಾದರೂ ಎರಡನ್ನೂ ಒಟ್ಟಿಗೆ ಬದಲಿಸುವುದು ಅದಕ್ಕೇ.

ಗಾಳಿ ಕಂಪನಿ ಹೇಳಿದ 32 ಪಿಎಸ್‌ಐ, ಮುಂದೆ ಹಿಂದೆ ಎರಡಕ್ಕೂ, ಟೈರು ತಣ್ಣಗಿರುವಾಗ. ನಟ್‌ಗಳನ್ನು ಟಾರ್ಕ್ ವ್ರೆಂಚಿನಲ್ಲಿ 108 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ. ಅಲೈನ್‌ಮೆಂಟ್ ಕೂಡ ಮಾಡಿಸಿದೆ. ಈ ಗಾಡಿಯಲ್ಲಿ ಹಿಂದಿನ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುತ್ತವೆ, ಹಾಗಾಗಿ ಒಳ ಅಂಚು ಬೇಗ ಸವೆಯುತ್ತದೆ. ಹೊರಗಿನಿಂದ ನೋಡಿ ಟೈರು ಚೆನ್ನಾಗಿದೆ ಅಂದುಕೊಂಡರೆ ಮೋಸಹೋಗುತ್ತೀರಿ. ಕೈ ಒಳಗೆ ಹಾಕಿ ಸವರಿ ನೋಡಬೇಕು.

ಮೊದಲ ನೂರಾರು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಮತ್ತೆ ಒದ್ದೆ ರಸ್ತೆ ಸಿಕ್ಕಾಗ ಅದೇ ತಿರುವಿಗೆ ಹೋದೆ. ವೇಗ ಬೇಕೆಂದೇ ಕಮ್ಮಿ ಇಟ್ಟಿದ್ದೆ. ತಿರುವಿನ ನಡುವೆ ಕಾಲು ಹಗುರ ಮಾಡಿದೆ. ಮುಂಭಾಗ ಸ್ವಲ್ಪ ಒಳಕ್ಕೆ ಬಂತು, ಹಿಂಭಾಗ ಅದರ ಹಿಂದೆಯೇ ಬಂತು. ಮೊದಲಿನಷ್ಟು ಚುರುಕಾಗಿ ತಿರುಗುವುದಿಲ್ಲ, ಅದು ನಿಜ. ಆ ಚುರುಕು ನನಗೆ ಬೇಡ.

ಈಗ ಎಂಟು ಸಾವಿರ ಕಿಲೋಮೀಟರ್ ಆಗಿದೆ. ಮುಂದೆ 6 ಮಿ.ಮೀ. ಗೀರು ಉಳಿದಿದೆ, ಹಿಂದೆ ನಡುವೆ 4.5, ಒಳ ಅಂಚಿನಲ್ಲಿ 4. ಸೈಜು ಬೇರೆ ಬೇರೆ ಇರುವುದರಿಂದ ಮುಂದಿನದನ್ನು ಹಿಂದಕ್ಕೆ ಹಾಕಲು ಬರುವುದಿಲ್ಲ, ಹಿಂದಿನ ಜೋಡಿಯೇ ಮೊದಲು ಮುಗಿಯುತ್ತದೆ. ಒಳ ಅಂಚು 3ಕ್ಕೆ ಬಂದ ಕೂಡಲೇ, ಮಳೆಗಾಲ ಶುರುವಾಗುವ ಮುಂಚೆ, ಅದೇ ಮಾಡೆಲ್‌ನ ಇನ್ನೊಂದು ಜೋಡಿ ತರಿಸುತ್ತೇನೆ. ಅಷ್ಟರಲ್ಲಿ ಆ ಮಾಡೆಲ್ ನಿಂತುಹೋಗಿದ್ದರೆ ನಾಲ್ಕನ್ನೂ ಬದಲಿಸುತ್ತೇನೆ.