ಮನೆಯೂ ಕೆಲಸವೂ ಒಂದೇ ಕಡೆ: ಬೆಳೆಯುವ ಊರಿಗೆ ದುಡಿಮೆಯ ಬಡಾವಣೆ ಯೋಜಿಸುವುದು ಹೇಗೆ?

ಊರಿಗೆ ಬೈಪಾಸ್ ರಸ್ತೆ ಬಂತು ಅಂದರೆ ಸಾಕು, ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಒಂದು ಕಡೆ ಹೊಲಕ್ಕೆ ಕಲ್ಲು ನೆಟ್ಟು 30x40 ಅಡಿಯ ಸೈಟು ಮಾರುತ್ತಾರೆ. ಇನ್ನೊಂದು ಕಡೆ ಊರಿಂದ ಬಹುದೂರ, ಬಸ್ಸೇ ಹೋಗದ ಜಾಗದಲ್ಲಿ 'ಕೈಗಾರಿಕಾ ಪ್ರದೇಶ' ಅಂತ ಬೋರ್ಡು ಏಳುತ್ತದೆ. ಮನೆಗೂ ಕೆಲಸಕ್ಕೂ ನಡುವೆ ಟೆಂಪೊ ಸವಾರಿ. ಇದೇ ತಪ್ಪನ್ನು ಊರೂರಲ್ಲಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಪುರಸಭೆ ಸದಸ್ಯರು, ಯೋಜನಾ ಪ್ರಾಧಿಕಾರದ ಸಭೆಗೆ ಹೋಗುವವರು, ಊರಂಚಿನಲ್ಲಿ ಜಮೀನು ಇಟ್ಟುಕೊಂಡವರು ಓದಿ.

ಮೊದಲು: ಯಾವ ಕೆಲಸ, ಯಾರಿಗೆ?

ಬೆಳಿಗ್ಗೆ ಆರು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ನಿಂತು, ಊರು ಬಿಟ್ಟು ಕೆಲಸಕ್ಕೆ ಹೋಗುವವರನ್ನು ಮಾತಾಡಿಸಿ. ಹೊಲಿಗೆಯೋ, ವೆಲ್ಡಿಂಗೋ, ಅಕೌಂಟ್ಸೋ? ಆ ಪಟ್ಟಿಯೇ ನಿಮ್ಮ ಬಡಾವಣೆಗೆ ತಳಪಾಯ. ಕನ್ಸಲ್ಟೆಂಟ್ ತಂದುಕೊಡುವ 'ಐಟಿ ಹಬ್' ವರದಿ ಬೇಡ. ಅದರಲ್ಲಿ ಊರಿನ ಹೆಸರು ಬದಲಾಯಿಸಿದರೆ ಯಾವ ತಾಲ್ಲೂಕಿಗಾದರೂ ಹೊಂದುತ್ತದೆ.

ಒಬ್ಬರೇ ಧಣಿಯನ್ನು ನಂಬಿ ಇಡೀ ಬಡಾವಣೆ ಕಟ್ಟಬೇಡಿ. ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಗಣಿಗಾಗಿಯೇ ಬೆಳೆದ ಊರಿನ ಜನ ಇವತ್ತಿಗೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಜಾಗ

ಊರಿಗೆ ಅಂಟಿಕೊಂಡೇ ಇರಲಿ. ಗ್ರಾಮನಕ್ಷೆ ತರಿಸಿ, ಹಳ್ಳ, ಕಾಲುವೆ, ಕೆರೆ ಅಂಗಳವನ್ನೆಲ್ಲ ಗುರುತಿಸಿ ಮೊದಲೇ ಹೊರಗಿಡಿ. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2022ರ ಸೆಪ್ಟೆಂಬರಿನಲ್ಲಿ ಮಳೆನೀರು ನಿಂತು ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಿದೆ ಅಲ್ವಾ?

ರೈತರ ಜಮೀನು ಕಿತ್ತುಕೊಳ್ಳದೆಯೂ ಇದಾಗುತ್ತದೆ. ಪುಣೆಯ ಮಗರ್‌ಪಟ್ಟಾದಲ್ಲಿ ಸುಮಾರು 120 ರೈತ ಕುಟುಂಬಗಳು 400 ಎಕರೆಯಷ್ಟು ಜಮೀನು ಒಟ್ಟುಗೂಡಿಸಿ, ತಮ್ಮದೇ ಕಂಪನಿ ಮಾಡಿಕೊಂಡು, ಜಮೀನಿಗೆ ತಕ್ಕ ಷೇರು ಪಡೆದವು. ಅಲ್ಲೀಗ ಮನೆ, ಶಾಲೆ, ಐಟಿ ಆಫೀಸು ಎಲ್ಲ ಒಂದೇ ಕಡೆ ಇವೆ.

ಎಲ್ಲರೂ ಎಡವುವ ಹಂತ: ರಸ್ತೆ ಮತ್ತು ಸೈಟಿನ ಅಳತೆ

ಕಟ್ಟಡದ ಚಿತ್ರ ಬಿಡಿಸುವ ಆತುರ ಎಲ್ಲರಿಗೂ. ಗಾಜಿನ ಗೋಪುರ, ಕಾರಂಜಿ, ಹುಲ್ಲುಹಾಸು. ಅದೆಲ್ಲ ಆಮೇಲೆ. ಕಟ್ಟಡವನ್ನು ಕೆಡವಿ ಕಟ್ಟಬಹುದು. ರಸ್ತೆ ಒಮ್ಮೆ ತಪ್ಪಾದರೆ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತದೆ.

ಅಡ್ಡರಸ್ತೆ ನೂರು ಮೀಟರಿಗೊಂದು ಇರಲಿ. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ವೈಟ್‌ಫೀಲ್ಡ್ ಕಡೆ ನೋಡಿ: ಒಂದೊಂದು ಟೆಕ್ ಪಾರ್ಕಿಗೂ ಉದ್ದಾನುದ್ದ ಕಾಂಪೌಂಡು, ನಡುವೆ ಹಾದುಹೋಗಲು ದಾರಿಯಿಲ್ಲ. ಪಕ್ಕದ ಕಟ್ಟಡಕ್ಕೆ ಹೋಗುವವರೂ ಮುಖ್ಯರಸ್ತೆಗೇ ಬರಬೇಕು. ಆಮೇಲೆ ಟ್ರಾಫಿಕ್ ಜಾಮ್ ಅಂತ ಗೋಳಾಡಿದರೆ ಏನು ಪ್ರಯೋಜನ? ದೊಡ್ಡ ಕಂಪನಿ ಐವತ್ತು ಎಕರೆ ಒಂದೇ ತುಂಡು ಕೇಳಿದರೆ ಅಂಚಿನಲ್ಲಿ ಕೊಡಿ, ನಡುವೆ ಬೇಡ.

ಲಾರಿ ಓಡಾಡುವ ರಸ್ತೆಯನ್ನು ಬೇರೆಯೇ ಇಡಿ. ಅದರ ಮೂಲೆಗಳನ್ನು ನಕ್ಷೆಯಲ್ಲೇ ಓರೆಯಾಗಿ ಕತ್ತರಿಸಿ. ಹತ್ತು ಚಕ್ರದ ಲಾರಿ ತಿರುಗುವಾಗ ಮುಂದಿನ ಚಕ್ರ ರಸ್ತೆಯ ಮೇಲಿದ್ದರೂ ಹಿಂದಿನದು ಮೂಲೆ ಹತ್ತುತ್ತದೆ. ಮೊದಲು ಅಂಚಿನ ಕಲ್ಲು ಕೀಳುತ್ತದೆ, ಆಮೇಲೆ ಚರಂಡಿ ಚಪ್ಪಡಿ ಮುರಿಯುತ್ತದೆ, ಕೊನೆಗೆ ಯಾರೋ ಆ ಗುಂಡಿಗೆ ಕೊಂಬೆ ನೆಟ್ಟು ಹೋಗುತ್ತಾರೆ. ಕಾಗದದ ಮೇಲೆ ಆ ಮೂಲೆ ಬಿಟ್ಟುಕೊಡಲು ಒಂದು ಗೆರೆ ಎಳೆದರೆ ಸಾಕಿತ್ತು.

ಸೈಟು ಮೂರು ಅಳತೆಯಲ್ಲಿರಲಿ. 40x60 ಅಡಿಯವು ಜಾಸ್ತಿ ಇರಲಿ: ಕೆಳಗೆ ಲೇತ್, ಪ್ರಿಂಟಿಂಗ್ ಪ್ರೆಸ್ಸು, ಆಫೀಸು, ಮೇಲೆ ಮನೆ. ಗಾರ್ಮೆಂಟ್ಸ್, ಪ್ಯಾಕಿಂಗ್‌ನಂಥ ಘಟಕಕ್ಕೆ ಅರ್ಧ ಎಕರೆಯ ತುಂಡುಗಳು. ದೊಡ್ಡವು ಬೆರಳೆಣಿಕೆಯಷ್ಟು, ಲಾರಿ ರಸ್ತೆಯ ಪಕ್ಕ.

ಇನ್ನು ನಿಜವಾದ ಕುತ್ತು. ಕೆಲಸಕ್ಕೆಂದು ಇಟ್ಟ ಜಾಗ ಮೆಲ್ಲಗೆ ಮನೆಯಾಗಿಬಿಡುತ್ತದೆ. ಸೈಟು ಮಾರಿದರೆ ದುಡ್ಡು ಕೂಡಲೇ ಬರುತ್ತದೆ, ಕಾರ್ಖಾನೆಗೆ ಕಾಯಬೇಕು. ಇದಕ್ಕೆ ನಿಯಮದಲ್ಲೇ ಬೀಗ ಹಾಕಿ: ನೆಲಮಹಡಿಯಲ್ಲಿ ಕೆಲಸವೇ ಇರಬೇಕು, ಸೂರು ನಾಲ್ಕು ಮೀಟರಿಗಿಂತ ತಗ್ಗಿರಬಾರದು. ಹತ್ತಡಿ ಸೂರು ಹಾಕಿದರೆ ನಾಳೆ ಅಲ್ಲಿ ಬೆಡ್‌ರೂಮು ಗ್ಯಾರಂಟಿ. ಸೈಟನ್ನು ಲೀಸ್-ಕಂ-ಸೇಲ್ ಮೇಲೆ ಕೊಡಿ. ಗಡುವಿನೊಳಗೆ ಕಟ್ಟಿ ಕೆಲಸ ಶುರು ಮಾಡಿದರಷ್ಟೇ ಕ್ರಯಪತ್ರ. ಎಲ್ಲ ಸೈಟನ್ನೂ ಒಂದೇ ಸಲ ಹಂಚಬೇಡಿ. ಹಂಚಿದರೆ ಅರ್ಧಕ್ಕರ್ಧ ಪಾರ್ಥೇನಿಯಂ ಬೆಳೆಯುತ್ತದೆ.

ಹಾಗಂತ ಎಲ್ಲ ಬೀದಿಯಲ್ಲೂ ಅಂಗಡಿ ಕಡ್ಡಾಯ ಮಾಡುವುದೂ ಬೇಡ. ಅಷ್ಟು ಗಿರಾಕಿ ಎಲ್ಲಿಂದ ಬರಬೇಕು? ಬಸ್ ನಿಲ್ಲುವ ಒಂದು ಬೀದಿಯನ್ನು ಪೇಟೆ ಮಾಡಿ. ಉಳಿದ ಕಡೆ ಮೂಲೆಗೊಂದು ಟೀ ಅಂಗಡಿ, ದಿನಸಿ ಅಂಗಡಿ ಸಾಕು. ತಳ್ಳುಗಾಡಿಗೂ ಗೆರೆ ಹಾಕಿ ಜಾಗ ಕೊಡಿ, ಇಲ್ಲದಿದ್ದರೆ ಅದು ಫುಟ್‌ಪಾತಿನಲ್ಲಿ ನಿಲ್ಲುತ್ತದೆ.

ಮನೆ ಪಕ್ಕ ಯಾವ ಕೆಲಸ ಇರಬಹುದು ಅಂತ ಜಗಳ ಬರುವುದು ಖಂಡಿತ. ಉದ್ಯಮ ಎಷ್ಟು ಮಾಲಿನ್ಯ ಮಾಡುತ್ತದೆ ಅನ್ನುವುದರ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿರುವ ಬಣ್ಣದ ವರ್ಗಗಳನ್ನೇ ಹಿಡಿದುಕೊಳ್ಳಿ: ಬಿಳಿ ಅತಿ ಕಡಿಮೆ, ಕೆಂಪು ಅತಿ ಹೆಚ್ಚು. 2016ರಲ್ಲಿ ಸೇರಿದ ಬಿಳಿ ವರ್ಗ, ಆಮೇಲೆ ಹಸಿರು: ಇವು ಮನೆಗಳ ನಡುವೆ ಬರಲಿ. ಕಿತ್ತಳೆ ಅಂಚಿಗೆ. ಕೆಂಪು ಈ ಬಡಾವಣೆಗೇ ಬೇಡ. ಬಿಳಿಯದ್ದೇ ಆದರೂ ರಾತ್ರಿ ಪಾಳಿಯ ಸದ್ದಿಗೆ ಬೇರೆ ಷರತ್ತು ಬರೆಯಿರಿ.

ಬಸ್ಸು, ನೀರು, ಬಾಡಿಗೆ ಮನೆ

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯನ್ನು ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ 332 ಎಕರೆಯಲ್ಲಿ ಶುರು ಮಾಡಿತು. ಮೇಲ್ಸೇತುವೆ ಬಂದದ್ದು 2010ರಲ್ಲಿ, ಮೆಟ್ರೊ ಬಂದದ್ದು 2025ರ ಆಗಸ್ಟಿನಲ್ಲಿ. ಅಷ್ಟು ಕಾಯುವ ಶಕ್ತಿ ಸಣ್ಣ ಊರಿಗಿಲ್ಲ. ಮೊದಲ ಘಟಕ ಬಾಗಿಲು ತೆರೆದ ದಿನವೇ, ಖಾಲಿ ಓಡಿದರೂ ಸರಿ, ಪಾಳಿಗೆ ಸರಿಯಾಗಿ ಬಸ್ ಬಿಡಿಸಿ.

ಸಂಸ್ಕರಿಸಿದ ನೀರಿಗೆ ಎರಡನೇ ಪೈಪನ್ನು ರಸ್ತೆಗೆ ಡಾಂಬರು ಹಾಕುವ ಮುಂಚೆಯೇ ಹೂಳಿ. ಒಂದು ಕೋಣೆ-ಅಡುಗೆಮನೆಯ ಬಾಡಿಗೆ ಮನೆ, ಹೆಣ್ಣುಮಕ್ಕಳ ಹಾಸ್ಟೆಲ್, ಗಾರ್ಮೆಂಟ್ಸ್ ಪಕ್ಕದಲ್ಲೇ ಶಿಶುವಿಹಾರ ಇರಲಿ. ಮೂರು ಬೆಡ್‌ರೂಮಿನ ಫ್ಲಾಟು ಕಟ್ಟಿಟ್ಟು 'ಕೆಲಸದವರು ಇಲ್ಲಿ ಉಳಿಯುವುದಿಲ್ಲ' ಅಂದರೆ ಹೇಗೆ?

ಸ್ವಾಗತ ಕಮಾನು, ಬಣ್ಣದ ದೀಪದ ಕಂಬಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಬೇಗ ಬೆಳೆಯುತ್ತದೆ ಅಂತ ನರ್ಸರಿಯವರು ಕೊನೊಕಾರ್ಪಸ್ ಗಿಡ ತೋರಿಸುತ್ತಾರೆ, ಅದಂತೂ ಬೇಡವೇ ಬೇಡ. ಬೇರು ಪೈಪಿಗೆ ನುಗ್ಗುತ್ತದೆ. ಗುಜರಾತ್ 2023ರಲ್ಲಿ ಅದನ್ನು ನಿಷೇಧಿಸಿದೆ. ಹೊಂಗೆ ಹಾಕಿ.

ಕಾಗದಪತ್ರ

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಇದೆಲ್ಲ ಮಾಸ್ಟರ್ ಪ್ಲಾನಿನಲ್ಲಿ ಬರಬೇಕು. ನಕ್ಷೆಯಲ್ಲಿ ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ. ಬರೀ ಬಣ್ಣ ಹಚ್ಚಿ ಬಿಟ್ಟರೆ ಮತ್ತೆ ಬೇರೆ ಬೇರೆ ಮೂಲೆಯಾಗುತ್ತದೆ. ಯಾವ ಮಹಡಿಯಲ್ಲಿ ಏನು ಅನ್ನುವುದು ವಲಯ ನಿಯಮಾವಳಿಯಲ್ಲಿ ಅಕ್ಷರದಲ್ಲಿ ಇರಬೇಕು. ಕರಡು ಪ್ರಕಟವಾದಾಗ ಆಕ್ಷೇಪಣೆ ಬರೆಯುವವರು ಸರ್ವೆ ನಂಬರು ಹಾಕಿ, ಏನು ತೆಗೆಯಬೇಕು, ಏನು ಸೇರಿಸಬೇಕು ಅಂತ ಒಂದೇ ಸಾಲಿನಲ್ಲಿ ಬರೆಯಿರಿ. 'ಊರಿನ ಹಿತದೃಷ್ಟಿಯಿಂದ' ಅಂತ ಎರಡು ಪುಟ ಬರೆದದ್ದನ್ನು ಯಾರೂ ಓದುವುದಿಲ್ಲ.

ಇನ್ನೊಂದು ವಿಷಯ. ರಸ್ತೆ, ಪಾರ್ಕಿಗೆಂದು ಪ್ಲಾನಿನಲ್ಲಿ ಗುರುತಿಸಿದ ಖಾಸಗಿ ಜಾಗವನ್ನು ಪ್ಲಾನು ಜಾರಿಯಾದ ಐದು ವರ್ಷದೊಳಗೆ ಒಪ್ಪಂದದಿಂದ ಪಡೆಯದೆ, ಭೂಸ್ವಾಧೀನವನ್ನೂ ಶುರು ಮಾಡದಿದ್ದರೆ, ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಆ ಮೀಸಲು ಬಿದ್ದುಹೋಗುತ್ತದೆ. ಹಾಗಾಗಿ ನೂರು ಮೀಟರಿಗೊಂದರಂತೆ ಎಳೆದ ಆ ಅಡ್ಡರಸ್ತೆಗಳ ಜಾಗಕ್ಕೆ ಮೊದಲ ವರ್ಷದ ಬಜೆಟ್ಟಿನಲ್ಲೇ ಹಣ ಇಡಿಸಿ.