ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹೆಬ್ಬಾವಿಗೆ ಬಿಸಿ ಒದಗಿಸಿದ ಬಗೆ

ಅಮೆರಿಕದ ಮಿಷಿಗನ್‌ನ ಚಳಿಗಾಲದಲ್ಲಿ ನಮ್ಮ ಮನೆಯೊಳಗಿನ ತಾಪಮಾನ ರಾತ್ರಿ ಹೊತ್ತು 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮೂಲದ, ನಾನು ಸಾಕಿರುವ ಬಾಲ್ ಪೈಥಾನ್ ಎಂಬ ಹೆಬ್ಬಾವಿಗೆ ಅದು ಸಾಲದು. ಅದರ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿಯಷ್ಟು ಬೆಚ್ಚಗೂ ಇನ್ನೊಂದು ತುದಿ 25ರ ಆಸುಪಾಸಿನಲ್ಲಿ ತಂಪಾಗಿಯೂ ಇದ್ದರೆ ಮಾತ್ರ ಹಾವು ತನಗೆ ಬೇಕಾದ ಕಡೆಗೆ ಸರಿದು ಮೈಯ ಬಿಸಿಯನ್ನು ಸರಿದೂಗಿಸಿಕೊಳ್ಳುತ್ತದೆ. ಇಲ್ಲಿ ಇದನ್ನು ಸಾಕಲು ಅಡ್ಡಿಯಿಲ್ಲ. ಆದರೆ ಊರಿನಲ್ಲಿರುವ ಓದುಗರು ನಮ್ಮ ಕಾಡಿನ ಹೆಬ್ಬಾವನ್ನು ಮನೆಗೆ ತರುವ ಯೋಚನೆಯನ್ನೇ ಮಾಡಬಾರದು, ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಮೊದಲು ನಾನು ಕೊಂಡದ್ದು ಜಾಲರಿ ಮುಚ್ಚಳದ ಗಾಜಿನ ತೊಟ್ಟಿ. ಬಿಸಿಯೂ ತೇವವೂ ಮೇಲಿನಿಂದ ಹಾರಿಹೋಗಿ, ಹಾವಿನ ಪೊರೆ ಇಡಿಯಾಗಿ ಕಳಚದೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಬಟ್ಟೆಬರೆ ತುಂಬಿಡುವಂಥ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಡಬ್ಬವೊಂದನ್ನು ತಂದೆ. ಇಂಥ ಡಬ್ಬದ ತಳದಲ್ಲಿ ತ್ರಿಕೋನದ ಗುರುತಿನೊಳಗೆ 5 ಎಂಬ ಅಂಕಿ ಇರುತ್ತದೆ. ಗಾಜಿನಂತೆ ಹೊಳೆಯುವ ಪಾಲಿಸ್ಟೈರೀನ್ ಡಬ್ಬಗಳಿಗೆ ರಂಧ್ರ ಕೊರೆದರೆ ಸೀಳುತ್ತವೆ, ಆದ್ದರಿಂದ ಅವು ಬೇಡ. ಗಾಳಿಯಾಡಲು ತೂತುಗಳನ್ನು ಒಳಗಿನಿಂದ ಹೊರಕ್ಕೆ ಮಾಡಿ, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿದೆ. ಹೊರಬರಲು ದಾರಿ ಹುಡುಕುವ ಹಾವು ಮೂಗನ್ನು ಅಲ್ಲಿಯೇ ತಿಕ್ಕುತ್ತದೆ.

ತಪ್ಪಾದದ್ದು ಬಿಸಿಯ ವಿಷಯದಲ್ಲಿ. ಡಬ್ಬದ ಮೂರನೆಯ ಒಂದು ಭಾಗದ ಕೆಳಗೆ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಕಾಯುವ ಚಾಪೆ) ಹಾಕಿ, ಅದನ್ನು ಬಿಸಿ ಹೆಚ್ಚಾದಾಗ ವಿದ್ಯುತ್ತು ಕಡಿಯುವ ಥರ್ಮೋಸ್ಟ್ಯಾಟ್‌ಗೆ ಸೇರಿಸಿ, ಥರ್ಮೋಸ್ಟ್ಯಾಟಿನ ಪ್ರೋಬನ್ನು, ಅಂದರೆ ಬಿಸಿ ಅಳೆಯುವ ತಂತಿಯ ತುದಿಯನ್ನು, ಒಳಗೆ ತೆಂಗಿನ ನಾರಿನ ಹಾಸಿನ ಮೇಲೆ ಸುಮ್ಮನೆ ಇರಿಸಿದ್ದೆ. ಒಂದು ರಾತ್ರಿ ಹಾವು ಅದನ್ನು ತಳ್ಳಿಕೊಂಡು ನೀರಿನ ಬಟ್ಟಲ ಪಕ್ಕಕ್ಕೆ ಒಯ್ದಿತ್ತು. ಪ್ರೋಬ್ ತಂಪನ್ನೇ ಅಳೆಯುತ್ತಿದ್ದುದರಿಂದ ಮ್ಯಾಟು ಬೆಳಗಿನವರೆಗೂ ನಿಲ್ಲದೆ ಕಾಯುತ್ತಲೇ ಇತ್ತು. ದಪ್ಪನೆಯ ಹಾಸು ಆ ಶಾಖವನ್ನು ಮೇಲೇಳಗೊಡಲಿಲ್ಲ. ಬೆಳಿಗ್ಗೆ ನೋಡಿದಾಗ ಡಬ್ಬದ ತಳ ಅಂಗೈಯಗಲ ಉಬ್ಬಿತ್ತು, ಹಾವಿನ ಹೊಟ್ಟೆಯ ಏಳೆಂಟು ಹುರುಪೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಕೆಳಗಿನಿಂದ ತಾಗುವ ಸುಡುಬಿಸಿಯಿಂದ ಹಾವು ಬೇಗನೆ ಸರಿದುಕೊಳ್ಳುವುದಿಲ್ಲವೆಂಬುದು ನನಗೆ ಅಂದೇ ತಿಳಿದದ್ದು. ಪಶುವೈದ್ಯರು ಕೊಟ್ಟ ಮುಲಾಮು ಹಚ್ಚುತ್ತ, ಹಾಸು ತೆಗೆದು ಕಾಗದ ಹಾಸಿ, ಎರಡು ಸಲ ಪೊರೆ ಬಿಡುವವರೆಗೆ ಕಾದ ಮೇಲೆ ಹುರುಪೆಗಳು ಸರಿಹೋದವು. ಆ ದಿನಗಳ ನೋವು ಈಗಲೂ ನನ್ನನ್ನು ಕಾಡುತ್ತದೆ.

ಆಮೇಲೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ, ಮುಂದೆ ಸರಿಯುವ ಗಾಜಿನ ಬಾಗಿಲಿರುವ ಪಿವಿಸಿ ಎಂಬ ಪ್ಲಾಸ್ಟಿಕ್ ಹಲಗೆಯ ಪೆಟ್ಟಿಗೆಗೆ ಬದಲಾಯಿಸಿದೆ. ಆ ಹಲಗೆಯೊಳಗೆ ಸಣ್ಣ ಗಾಳಿಗುಳ್ಳೆಗಳಿರುವುದರಿಂದ ಅದು ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ, ತೇವಕ್ಕೆ ಕೊಳೆಯುವುದೂ ಇಲ್ಲ. ಆದರೆ ಪಿವಿಸಿ ಸುಮಾರು 80 ಡಿಗ್ರಿಯಲ್ಲಿ ಮೆದುವಾಗುತ್ತದೆ, ಬೆಳಕಿಲ್ಲದೆ ಶಾಖವನ್ನಷ್ಟೇ ಕೊಡುವ, ಬಲ್ಬಿನಂತಹ ಸೆರಾಮಿಕ್ ಹೀಟರಿನ ಮೈಯಾದರೋ 200 ಡಿಗ್ರಿ ದಾಟುತ್ತದೆ. ಆದ್ದರಿಂದ ಅದನ್ನು ಹಲಗೆಗೆ ಹತ್ತಿರ ಕಟ್ಟುವುದು, ಅದಕ್ಕೆ ಪ್ಲಾಸ್ಟಿಕ್ ಹೋಲ್ಡರ್ ಬಳಸುವುದು ಎರಡೂ ಅಪಾಯ. ಹೋಲ್ಡರ್ ಪಿಂಗಾಣಿಯದೇ ಆಗಬೇಕು, ಸುತ್ತ ತಂತಿಯ ಪಂಜರವೂ ಬೇಕು. ನಾನು ಅದರ ಬದಲು ಚಾವಣಿಗೆ ತಿರುಪಿನಿಂದ ಬಿಗಿಯುವ 80 ವಾಟ್‌ನ ಚಪ್ಪಟೆ ಹೀಟ್ ಪ್ಯಾನೆಲ್ ಆರಿಸಿದೆ. ಅದರ ಬಿಸಿ ಹಾವಿನ ಬೆನ್ನಿನ ಮೇಲೆ ಹರಡಿ ಬೀಳುತ್ತದೆ, ಸುರುಳಿ ಹಾಕಿಕೊಂಡು ಮಲಗಲು ಅದು ಹಿತ.

ಈಗ ಪ್ರೋಬನ್ನು ಬೆಚ್ಚನೆಯ ತುದಿಯಲ್ಲಿ, ಹಾವು ಮಲಗುವ ಎತ್ತರಕ್ಕೆ, ಗೋಡೆಗೆ ಕ್ಲಿಪ್ಪಿನಿಂದ ಬಿಗಿದಿದ್ದೇನೆ. ಅಂಟುಪಟ್ಟಿ ಬಳಸಲಿಲ್ಲ, ಏಕೆಂದರೆ ಅದು ಬಿಟ್ಟುಕೊಂಡರೆ ಹಾವಿನ ಚರ್ಮಕ್ಕೆ ಅಂಟಿ ಹುರುಪೆ ಕೀಳುತ್ತದೆ. ಮೊದಲ ಥರ್ಮೋಸ್ಟ್ಯಾಟ್ ಕೈಕೊಟ್ಟರೆ ವಿದ್ಯುತ್ತು ಕಡಿಯಲೆಂದು, ಅದೇ ತಂತಿಯಲ್ಲಿ ಎರಡು ಡಿಗ್ರಿ ಹೆಚ್ಚಿಗೆ ಹೊಂದಿಸಿದ ಇನ್ನೊಂದನ್ನೂ ಸೇರಿಸಿದ್ದೇನೆ. ಖರ್ಚು ಹೆಚ್ಚಾದರೂ ನನ್ನ ಅಭಿಪ್ರಾಯದಲ್ಲಿ ಇದು ಪೆಟ್ಟಿಗೆಗಿಂತ ಮುಖ್ಯ. ಥರ್ಮೋಸ್ಟ್ಯಾಟಿನ ಅಂಕಿಯನ್ನೇ ನಂಬದೆ, ನೆಲದ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಬೇರೆಯಾಗಿ ಅಳೆಯುತ್ತೇನೆ. ಹಾವನ್ನು ಬಿಡುವ ಮುನ್ನ ಪೆಟ್ಟಿಗೆಯನ್ನು ಒಂದು ವಾರ ಖಾಲಿಯಾಗಿ ಬಿಸಿಮಾಡಿ, ಹೊಸ ಹಲಗೆಯ ವಾಸನೆ ಹೋಗಲು ಬಾಗಿಲು ಆಗಾಗ ತೆರೆದಿಟ್ಟು, ಎರಡೂ ತುದಿಯ ಅಂಕಿಗಳನ್ನು ಬೆಳಿಗ್ಗೆ ಸಂಜೆ ಬರೆದುಕೊಂಡಿದ್ದೆ.

ಚಳಿಗಾಲದಲ್ಲಿ ಕರೆಂಟು ಹೋದಾಗ ಪೆಟ್ಟಿಗೆಯ ಮೂರು ಬದಿಗೆ ಕಂಬಳಿ ಹೊದಿಸಿ, ಗಾಳಿಕಿಂಡಿಗಳನ್ನು ಮಾತ್ರ ತೆರೆದಿಡುತ್ತೇನೆ. ಪ್ಯಾನೆಲ್ಲಿನ ಪ್ಲಗ್ ಕಿತ್ತೇ ಕಂಬಳಿ ಹೊದಿಸುತ್ತೇನೆ. ಕರೆಂಟು ಮರಳಿದಾಗ ಕಂಬಳಿ ತೆಗೆದ ಮೇಲೆಯೇ ಅದನ್ನು ಮತ್ತೆ ಚುಚ್ಚುತ್ತೇನೆ.